ಜೀವರಕ್ಷಕ ದೋಣಿಯ ಸೇವೆ

ನಮ್ಮಲ್ಲಿ ಅನೇಕರು ಸಮುದ್ರವನ್ನು ಕಂಡವರಲ್ಲ. ಆದರೂ ಮಳೆಗಾಲದಲ್ಲಿ ಹೊಳೆಯು ತುಂಬಿ ಬಂದಾಗ ಮನುಷ್ಯನ ಬಲವು ಎಷ್ಟು ಅಲ್ಪವೆಂದು ಎಲ್ಲರೂ ಬಲ್ಲೆವು. ನಡುಹೊಳೆಯಿಂದ ಒಬ್ಬನು ಕೂಗಿಕೊಂಡರೆ ದಡದಲ್ಲಿ ಮರುಗುವವರು ಬಹು ಮಂದಿ. ಆದರೆ ಹರಿಗೋಲು ಎಲ್ಲಿದೆ, ಹಗ್ಗವು ಯಾರಲ್ಲಿದೆ, ಯಾರು ಇಳಿಯಬೇಕು ಎಂಬದನ್ನು ಮೊದಲೇ ಗೊತ್ತುಮಾಡದಿದ್ದರೆ ಆ ಮರುಕದಿಂದ ಮುಳುಗುವವನಿಗೆ ಏನು ಪ್ರಯೋಜನ? ಬ್ರಿಟನ್ ಮತ್ತು ಅಯರ್ಲೆಂಡಿನ ಕರಾವಳಿಯಲ್ಲಿ ಇದಕ್ಕಾಗಿಯೇ ಏರ್ಪಟ್ಟ ಒಂದು ಸಂಸ್ಥೆಯ ವಿಷಯವನ್ನು ಈ ಪಾಠದಲ್ಲಿ ಕಲಿಯುವೆವು.

1. ಸಂಸ್ಥೆಯ ಆರಂಭ

ಸರ್ ವಿಲಿಯಂ ಹಿಲರಿ ಎಂಬವರು ಮ್ಯಾನ್ ದ್ವೀಪದ ಡಗ್ಲಸ್ ಪಟ್ಟಣದಲ್ಲಿ ವಾಸಿಸುತ್ತಿದ್ದರು. ಬಿರುಗಾಳಿಗೆ ಸಿಕ್ಕಿ ಹಡಗುಗಳು ಒಡೆಯುವದನ್ನು ಕಂಡು ಅವರು 1823ರಲ್ಲಿ ರಾಷ್ಟ್ರಕ್ಕೆ ಒಂದು ಮನವಿಯನ್ನು ಬರೆದರು. ಅದರ ಫಲವಾಗಿ 1824ನೆಯ ಮಾರ್ಚ್ 4ರಂದು ಲಂಡನಿನಲ್ಲಿ ಸಂಸ್ಥೆಯು ಸ್ಥಾಪನೆಯಾಯಿತು. 1854ರಿಂದ ಅದಕ್ಕೆ ರಾಯಲ್ ನ್ಯಾಷನಲ್ ಲೈಫ್‌ಬೋಟ್ ಇನ್‌ಸ್ಟಿಟ್ಯೂಷನ್ ಎಂಬ ಹೆಸರು ಬಂದಿದೆ. ಆಪತ್ತಿನಲ್ಲಿರುವವನು ಯಾವ ದೇಶದವನೆಂದು ವಿಚಾರಿಸದೆ, ಯುದ್ಧಕಾಲದಲ್ಲಿಯೂ ಸಮಾಧಾನಕಾಲದಲ್ಲಿಯೂ ಒಂದೇ ರೀತಿಯಾಗಿ ರಕ್ಷಿಸಬೇಕೆಂಬದು ಮೊದಲಿನಿಂದಲೂ ಇದ್ದ ನಿಯಮ. ಹಿಲರಿಯವರು ಇತರರಿಗೆ ಹೇಳಿ ಸುಮ್ಮನಿದ್ದವರಲ್ಲ. 1830ರಲ್ಲಿ, ತಮ್ಮ 59ನೆಯ ವಯಸ್ಸಿನಲ್ಲಿ, ತಾವೇ ದೋಣಿಯೇರಿ ಹೋಗಿ ಒಡೆಯುತ್ತಿದ್ದ ಹಡಗಿನ ಜನರನ್ನು ಉಳಿಸಿದರು.

2. ಕೆಲಸ ನಡೆಯುವ ಕ್ರಮ

ಈ ಸಂಸ್ಥೆಗೆ ಈಗ 230ಕ್ಕಿಂತ ಹೆಚ್ಚು ಠಾಣೆಗಳಿವೆ. ಅದರ ಖರ್ಚಿನ ಬಹುಭಾಗವು ಜನರ ಕಾಣಿಕೆಯಿಂದಲೇ ನಡೆಯುವದು. ದೋಣಿಯವರಲ್ಲಿ ಸಂಬಳವುಳ್ಳವರು ಕೆಲವರೇ. ಉಳಿದವರು ಮೀನುಗಾರರು, ಬಡಗಿಗಳು, ಅಂಗಡಿಯವರು, ಉಪಾಧ್ಯಾಯರು. ಗಂಡಸರೂ ಹೆಂಗಸರೂ ಇದ್ದಾರೆ.

ಸಮುದ್ರದಲ್ಲಿ ಆಪತ್ತು ಬಂದರೆ ಸುದ್ದಿಯು ಮೊದಲು ಸರಕಾರದ ಕರಾವಳಿ ಕಾವಲಿನವರಿಗೆ ಮುಟ್ಟುವದು. ಅವರು ಹತ್ತಿರದ ಠಾಣೆಯನ್ನು ಕೇಳಿಕೊಳ್ಳುವರು. ಅಲ್ಲಿಯ ಅಧಿಕಾರಿಯು ಒಪ್ಪಿದೊಡನೆ ಪ್ರತಿಯೊಬ್ಬನ ಬಳಿಯಲ್ಲಿರುವ ಪೇಜರ್ ಎಂಬ ಚಿಕ್ಕ ಯಂತ್ರವು ಕೂಗುವದು. ಉಣ್ಣುವವನು ಎಲೆಯನ್ನು ಬಿಟ್ಟು, ಮಲಗಿದವನು ಹಾಸಿಗೆಯನ್ನು ಬಿಟ್ಟು ಓಡಿ ಬರುವನು. ಕರೆ ಬಂದ ಸುಮಾರು 10 ನಿಮಿಷಗಳೊಳಗೆ ದೋಣಿಯು ನೀರಿಗಿಳಿಯಬೇಕೆಂಬದು ಅವರ ಗುರಿ. ಬಂದವರೆಲ್ಲರೂ ಹೋಗುವದಿಲ್ಲ, ನಮ್ಮ ಕರಾವಳಿಯ ತಂಡೇಲನಂತೆ ಅಲ್ಲಿಯೂ ಒಬ್ಬ ಮುಖ್ಯಸ್ಥನಿದ್ದು, ಆ ಹೊತ್ತಿಗೆ ತಕ್ಕವರನ್ನು ಆರಿಸಿಕೊಳ್ಳುವನು. ಉಳಿದವರು ದಡದ ಕೆಲಸವನ್ನು ನೋಡುವರು. ಹಲವು ಕಡೆಗಳಲ್ಲಿ ಟ್ರಾಕ್ಟರಿನಿಂದ ದೋಣಿಯನ್ನು ನೀರಿಗೆ ತಳ್ಳುವರು. ತಿರುಗಿ ಬಂದ ಮೇಲೆ ತೊಳೆದು, ಎಣ್ಣೆ ತುಂಬಿ, ಮುಂದಿನ ಕರೆಗೆ ಸಿದ್ಧಮಾಡುವರು. ಕರೆಯಿಲ್ಲದ ದಿನಗಳಲ್ಲಿಯೂ ಅಭ್ಯಾಸವು ತಪ್ಪದು.

3. ಗುಡ್ಡವನ್ನು ಹತ್ತಿದ ದೋಣಿ

1899ನೆಯ ಜನವರಿ 12ರ ಸಂಜೆ, ಇಂಗ್ಲೆಂಡಿನ ಲಿನ್‌ಮತ್ ಎಂಬ ಊರಿಗೆ, ಫಾರೆಸ್ಟ್ ಹಾಲ್ ಎಂಬ ಹಡಗು ಅಪಾಯದಲ್ಲಿದೆಯೆಂಬ ಸುದ್ದಿ ಬಂತು. ಅಲೆಗಳ ಉಗ್ರತೆಯಿಂದ ಅಲ್ಲಿ ದೋಣಿಯನ್ನು ಇಳಿಸಲಾಗಲಿಲ್ಲ. ಆಗ ಅವರು 13 ಮೈಲಿ ದೂರದ ಪೋರ್ಲಾಕ್ ವಿಯರ್ ಎಂಬಲ್ಲಿಗೆ ದೋಣಿಯನ್ನು ನೆಲದ ಮೇಲೆ ಎಳೆದೊಯ್ಯಲು ನಿಶ್ಚಯಿಸಿದರು. ಸುಮಾರು 100 ಮಂದಿಯೂ 18 ಕುದುರೆಗಳೂ ಸೇರಿ, ಗಾಳಿಮಳೆಯ ಕತ್ತಲಲ್ಲಿ, ಕಡಿದಾದ ಗುಡ್ಡದ ಮೇಲೆ ಆ ಭಾರವನ್ನು ಎಳೆದರು. ಬಂಡಿಯ ಚಕ್ರವು ಕಳಚಿತು, ಅದನ್ನು ಹಾಕಿದರು. ದಾರಿಯು ಇಕ್ಕಟ್ಟಾದಲ್ಲಿ ದೋಣಿಯನ್ನು ಮರದ ತೊಲೆಗಳ ಮೇಲೆ ಜಾರಿಸಿದರು; ಅಡ್ಡಗೋಡೆಗಳನ್ನು ಕೆಡವಿದರು. ಬೆಳಗಿನ ಜಾವದಲ್ಲಿ ದಡ ಮುಟ್ಟಿ, ದಣಿವಾರಿಸಿಕೊಳ್ಳದೆ ದೋಣಿಯೇರಿ ಹುಟ್ಟು ಹಾಕಿದರು. ಹಡಗಿನಲ್ಲಿದ್ದ 18 ಮಂದಿಯೂ ಬದುಕಿದರು. ಆ ರಾತ್ರಿ ಹಗ್ಗ ಹಿಡಿದ ಬಹುಮಂದಿಯ ಹೆಸರು ಯಾರಿಗೂ ತಿಳಿಯದು. ಆದರೆ ಅವರಿಲ್ಲದೆ ದೋಣಿಯು ಸಮುದ್ರವನ್ನು ಕಾಣುತ್ತಿರಲಿಲ್ಲ.

4. ಸೇವೆಗೆ ತೆತ್ತ ಬೆಲೆ

ಪ್ರತಿ ಸಲವೂ ದೋಣಿಯು ಹಿಂತಿರುಗುವದೆಂದು ಯಾರೂ ತಿಳಿಯಬಾರದು. ಕಾರ್ನ್‌ವಾಲ್ ಸೀಮೆಯಲ್ಲಿ ಮೌಜಲ್ ಎಂಬ ಚಿಕ್ಕ ಊರಿದೆ. 1981ನೆಯ ಡಿಸೆಂಬರ್ 19ರ ರಾತ್ರಿ ಯೂನಿಯನ್ ಸ್ಟಾರ್ ಎಂಬ ಹಡಗಿನ ಯಂತ್ರವು ಕೆಟ್ಟು, ಚಂಡಮಾರುತವು ಅದನ್ನು ಬಂಡೆಗಳ ಕಡೆಗೆ ತಳ್ಳುತ್ತಿತ್ತು. ಅದರಲ್ಲಿ 8 ಮಂದಿ ಇದ್ದರು. ಸಾಲೊಮನ್ ಬ್ರೌನ್ ಎಂಬ ದೋಣಿಯು ಹೊರಡುವಾಗ ಒಬ್ಬ ಯುವಕನೂ ಓಡಿ ಬಂದನು. ಅವನ ತಂದೆಯನ್ನು ಆಗಲೇ ಆರಿಸಿದ್ದರು. ಇಂಥ ರಾತ್ರಿಯಲ್ಲಿ ಒಂದೇ ಮನೆಯಿಂದ ಇಬ್ಬರು ಬೇಡವೆಂದು ಮುಖ್ಯಸ್ಥನು ಅವನನ್ನು ದಡದಲ್ಲಿಯೇ ಬಿಟ್ಟನು. ನಾಲ್ವರನ್ನು ಹತ್ತಿಸಿಕೊಂಡೆವೆಂದು ದೋಣಿಯಿಂದ ರೇಡಿಯೋ ಮೂಲಕ ಮಾತು ಬಂತು, ಬಳಿಕ ಮೌನ. ದೋಣಿಯ 8 ಮಂದಿಯೂ ಹಡಗಿನ 8 ಮಂದಿಯೂ ತೀರಿಹೋದರು.

ಆದರೂ ಒಂದು ದಿನ ಕಳೆಯುವದರೊಳಗೆ ಅದೇ ಊರಿನ ಬೇರೆಯವರು ‘ನಾವಿದ್ದೇವೆ’ ಎಂದು ಮುಂದೆ ಬಂದರು. ದಡದಲ್ಲಿ ಉಳಿದ ಆ ಯುವಕನೇ ಕಾಲಾನಂತರದಲ್ಲಿ ಅಲ್ಲಿಯ ದೋಣಿಗೆ ಮುಖ್ಯಸ್ಥನಾದನು. ಪ್ರತಿ ವರುಷ ಡಿಸೆಂಬರ್ 19ರಂದು ಆ ಊರವರು ಕ್ರಿಸ್ಮಸ್ ದೀಪಗಳನ್ನು ಸ್ವಲ್ಪ ಹೊತ್ತು ಮಂಕಾಗಿಸಿ ಸತ್ತವರನ್ನು ನೆನೆಯುವರು.

5. ನಾವು ಕಲಿಯತಕ್ಕದ್ದು

1824ರಿಂದ ಈ ಸಂಸ್ಥೆಯ ಮೂಲಕ 1,40,000ಕ್ಕಿಂತ ಹೆಚ್ಚು ಪ್ರಾಣಗಳು ಉಳಿದಿವೆ. ಇದು ಕೇವಲ ಧೈರ್ಯದಿಂದ ಆದದ್ದಲ್ಲ. ಕಾಣಿಕೆ ಕೊಟ್ಟ ವಿಧವೆಯೂ, ಹಗ್ಗ ಎಳೆದ ಕೂಲಿಯವನೂ, ಮಗನನ್ನು ಕಳುಹಿಸಿ ಬಾಗಿಲಲ್ಲಿ ಕಾದ ತಾಯಿಯೂ ದೋಣಿಯಲ್ಲಿ ಹೋದವರಷ್ಟೇ ಪಾಲುಗಾರರು. ಆಪತ್ತಿನ ದಿನದ ಸಹಾಯವು ಆಪತ್ತಿಲ್ಲದ ದಿನಗಳಲ್ಲಿಯೇ ಸಿದ್ಧವಾಗತಕ್ಕದ್ದು.

ಆಲೋಚಿಸತಕ್ಕ ಪ್ರಶ್ನೆಗಳು

1. ಮುಖ್ಯಸ್ಥನು ಆ ಯುವಕನನ್ನು ದಡದಲ್ಲಿ ಬಿಟ್ಟದ್ದು ಯಾಕೆ?
2. ಲಿನ್‌ಮತ್ ಊರಿನಲ್ಲಿ ಹಗ್ಗ ಹಿಡಿದವರ ಕೆಲಸವು ಹುಟ್ಟು ಹಾಕಿದವರ ಕೆಲಸಕ್ಕಿಂತ ಕಡಿಮೆಯೋ?
3. ನಮ್ಮ ಊರಿನಲ್ಲಿ ನೆರೆ ಬಂದರೆ, ಬೆಂಕಿ ಬಿದ್ದರೆ, ಯಾರು ಏನು ಮಾಡಬೇಕೆಂದು ಗೊತ್ತುಮಾಡಿದ್ದೇವೋ?