ಮನೆಯ ಪ್ರಾರ್ಥನೆ ನಿಲ್ಲದಿರಲಿ

ಧ್ಯಾನಕ್ಕಾಗಿ ಓದಿರಿ: ದಾನಿಯೇಲ 6:1-24, ಲೂಕ 18:1-8



ನಿನ್ನೆ ಸಂಜೆ ನಿಮ್ಮ ಮನೆಯಲ್ಲಿ ಪ್ರಾರ್ಥನೆ ನಡೆಯಿತೇ? ಎಲ್ಲರೂ ಕೂಡಿ ಕುಳಿತಿರೇ? ಈ ಪ್ರಶ್ನೆ ಕೇಳಿದರೆ ನಮ್ಮಲ್ಲಿ ಅನೇಕರು ತಲೆ ತಗ್ಗಿಸಬೇಕಾಗುತ್ತದೆ. ಹುಬ್ಬಳ್ಳಿ-ಧಾರವಾಡದ ನಮ್ಮ ಮನೆಗಳ ಪರಿಸ್ಥಿತಿ ನಮಗೆ ಗೊತ್ತೇ ಇದೆ. ತಂದೆಗೆ ರೈಲ್ವೆಯಲ್ಲಿ ಪಾಳಿ ಕೆಲಸ, ತಾಯಿಗೆ ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿ, ಮಗನಿಗೆ ಟ್ಯೂಶನ್, ಮಗಳ ಕೈಯಲ್ಲಿ ಮೊಬೈಲ್. ಅಜ್ಜಿಯೊಬ್ಬರೇ ಜಪಮಾಲೆ ಹಿಡಿದು ಕುಳಿತಿರುತ್ತಾರೆ. "ಇವತ್ತ ಭಾಳ ದಣಿವಾಗೇದ, ನಾಳೆ ಎಲ್ಲಾರೂ ಕೂಡಿ ಮಾಡೂಣು" ಎಂಬ ಮಾತು ಮೊದಲು ಒಂದು ದಿನದ್ದು. ಬರಬರುತ್ತ ಅದೇ ಮನೆಯ ರೂಢಿಯಾಗುತ್ತದೆ. ನಮ್ಮ ಪ್ರಾರ್ಥನೆಯನ್ನು ನಿಲ್ಲಿಸಲು ಯಾವ ಶತ್ರುವೂ ಬರಬೇಕಾಗಿಲ್ಲ. "ನಾಳೆ" ಎಂಬ ಒಂದು ಮಾತು ಸಾಕು.

ದಾನಿಯೇಲನ ಕಿಟಕಿ

ಮೂವತ್ತು ದಿನ ರಾಜನಿಗೆ ಹೊರತು ಬೇರೆ ಯಾರಿಗೂ ಬಿನ್ನಹ ಮಾಡಬಾರದೆಂದು ದಾರ್ಯಾವೆಷ ರಾಜನು ಆಜ್ಞೆ ಹೊರಡಿಸಿದನು. ದಾನಿಯೇಲನು ಏನು ಮಾಡಿದನು? ಮನೆಗೆ ಹೋಗಿ, ಜೆರುಸಲೇಮಿನ ಕಡೆಗಿದ್ದ ಮಾಳಿಗೆಯ ಕಿಟಕಿಯ ಬಳಿ ದಿನಕ್ಕೆ ಮೂರು ಸಲ ಮೊಣಕಾಲೂರಿ ಪ್ರಾರ್ಥಿಸಿದನು. ಇಲ್ಲಿ ಒಂದು ಸಂಗತಿಯನ್ನು ಗಮನಿಸಿರಿ. ಆ ದಿನಕ್ಕೆಂದು ಅವನು ಹೊಸ ಪ್ರಾರ್ಥನೆಯನ್ನು ಹಿಡಿಯಲಿಲ್ಲ. ಮೊದಲಿನಿಂದ ಮಾಡುತ್ತಿದ್ದುದನ್ನೇ ಮಾಡಿದನು. ಮೂವತ್ತೇ ದಿನ ತಾನೇ, ಆಮೇಲೆ ನೋಡೋಣ ಎಂದು ಅವನೂ ಸುಮ್ಮನಿರಬಹುದಿತ್ತು. ಸಿಂಹಗಳ ಗವಿಯ ಮುಂದೆ ಅವನಿಗಿದ್ದ ಧೈರ್ಯ ಒಂದೇ ದಿನದಲ್ಲಿ ಬಂದದ್ದಲ್ಲ. ಯಾವ ಅಪಾಯವೂ ಇಲ್ಲದ ಸಾಧಾರಣ ದಿನಗಳಲ್ಲಿ, ಅದೇ ಕಿಟಕಿಯ ಬಳಿ ಅದು ಬೆಳೆದಿತ್ತು.

ಕೊರಳಲ್ಲಿ ಜಪಮಾಲೆ

ನಮ್ಮ ಧರ್ಮಕೇಂದ್ರಗಳಲ್ಲಿ ಗೋವಾ ಮತ್ತು ಕರಾವಳಿ ಮೂಲದ ಮನೆತನಗಳೂ ಇವೆ. ಅವರಿಗೆ ಸಂತ ಜೋಸೆಫ್ ವಾಜರ ಹೆಸರು ಪರಿಚಿತ. 1651ರಲ್ಲಿ ಗೋವಾದ ಬಾಣಾವಲಿಯಲ್ಲಿ ಹುಟ್ಟಿದ ಈ ಗುರುಗಳು 1681ರಿಂದ 1684ರವರೆಗೆ ನಮ್ಮ ಕನ್ನಡ ಕರಾವಳಿಯಲ್ಲಿ ಸೇವೆ ಮಾಡಿದರು. ಮಂಗಳೂರಿನ ಸಮೀಪದ ಮುಡಿಪುವಿನಲ್ಲಿ ಅವರ ಪುಣ್ಯಕ್ಷೇತ್ರವಿದೆ.

ಸಿಲೋನಿನ ಕಥೋಲಿಕರಿಗೆ ಗುರುಗಳೇ ಇಲ್ಲವೆಂಬ ಸುದ್ದಿ ಅವರ ಮನಸ್ಸನ್ನು ಕಾಡುತ್ತಿತ್ತು. 1658ರಲ್ಲಿ ಜಾಫ್ನಾ ಡಚ್ಚರ ವಶವಾಗಿತ್ತು. ಅವರ ಆಡಳಿತದಲ್ಲಿ ಕಥೋಲಿಕ ಗುರುಗಳಿಗೆ ನಿಷೇಧವಿತ್ತು. 1687ರಲ್ಲಿ ವಾಜರು ಕೂಲಿಯವನ ವೇಷದಲ್ಲಿ ಅಲ್ಲಿಗೆ ತಲುಪಿದರು. ಯಾರು ಕಥೋಲಿಕರೆಂದು ಯಾರನ್ನೂ ಕೇಳುವಂತಿರಲಿಲ್ಲ. ಆದ್ದರಿಂದ ಕೊರಳಲ್ಲಿ ಜಪಮಾಲೆ ಹಾಕಿಕೊಂಡು ಜಾಫ್ನಾದ ಮನೆ ಮನೆಗೆ ಭಿಕ್ಷೆ ಬೇಡುತ್ತ ಹೋದರು. ಜಪಮಾಲೆಯನ್ನು ನೋಡಿ ಗುರುತು ಹಿಡಿದವರ ಮೂಲಕ ವಿಶ್ವಾಸಿಗಳ ಸಂಪರ್ಕ ಸಿಕ್ಕಿತು. 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಂಡ ಅವರನ್ನು 1995ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರು ಪುನೀತರೆಂದೂ, 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸರು ಸಂತರೆಂದೂ ಘೋಷಿಸಿದರು.

ಗುರುಗಳ ಧೈರ್ಯವನ್ನು ನಾವು ಕೊಂಡಾಡುತ್ತೇವೆ, ಸರಿ. ಆದರೆ ಆ ಮನೆಗಳ ಧೈರ್ಯವನ್ನೂ ನೆನೆಯಿರಿ. ಸುಮಾರು ಮೂವತ್ತು ವರ್ಷ ಬಲಿಪೂಜೆ ಇಲ್ಲ, ಪಾಪನಿವೇದನೆ ಇಲ್ಲ. ಆದರೂ ಬಾಗಿಲಿಗೆ ಬಂದ ಭಿಕ್ಷುಕನ ಕೊರಳಿನ ಜಪಮಾಲೆ ಏನೆಂಬುದು ಅವರಿಗೆ ಮರೆತಿರಲಿಲ್ಲ. ಇಂದು ಅಂಥವರೊಬ್ಬರು ನಮ್ಮ ಓಣಿಗೆ ಬಂದರೆ ನಮ್ಮ ಮಕ್ಕಳು ಗುರುತು ಹಿಡಿದಾರೇ?

ಮನಸ್ಸು ಬರಡಾದಾಗ

"ಪ್ರಾರ್ಥನೆಗೆ ಕೂತರ ಮನಸ್ಸ ನಿಲ್ಲೂದಿಲ್ರಿ ಫಾದರ್" ಎನ್ನುವವರಿದ್ದಾರೆ. ಇದರಿಂದ ಎದೆಗುಂದಬೇಡಿರಿ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೇ ಪ್ರಾರ್ಥನೆಯನ್ನು ಹೋರಾಟವೆಂದು ಕರೆಯುತ್ತದೆ. ಲಿಸ್ಯೂವಿನ ಸಂತ ತೆರೇಸಾ ಪ್ರಾರ್ಥನೆಯ ವೇಳೆಯಲ್ಲಿ ತನಗೆ ನಿದ್ದೆ ಬರುತ್ತಿದ್ದುದನ್ನು ಮುಚ್ಚಿಡಲಿಲ್ಲ. ಕೋಲ್ಕತ್ತದ ಮದರ್ ತೆರೇಸಾ ಹಲವು ವರ್ಷ ಅಂತರಂಗದ ಕತ್ತಲೆಯಲ್ಲಿ ನಡೆದರೆಂಬುದು 2007ರಲ್ಲಿ ಪ್ರಕಟವಾದ ಅವರ ಪತ್ರಗಳಿಂದ ತಿಳಿಯಿತು. ಆದರೂ ಅವರು ಪ್ರಾರ್ಥನೆಯನ್ನು ಬಿಡಲಿಲ್ಲ. ಯೇಸುಸ್ವಾಮಿ ಹೇಳಿದ ಸಾಮತಿಯ ವಿಧವೆಯೂ ಹಾಗೆಯೇ. ಅನ್ಯಾಯಗಾರ ನ್ಯಾಯಾಧೀಶನ ಬಾಗಿಲಿಗೆ ಅವಳು ಮತ್ತೆ ಮತ್ತೆ ಹೋದಳು.

ಮನೆಯಲ್ಲಿ ಮಾಡಬಹುದಾದದ್ದು

1. ಒಂದು ವೇಳೆ, ಒಂದು ಜಾಗ ಗೊತ್ತುಮಾಡಿರಿ. ಐದು ರಹಸ್ಯಗಳ ಜಪಮಾಲೆಗೆ ಇಪ್ಪತ್ತು ನಿಮಿಷ ಸಾಕು. ಅದೂ ಆಗದ ದಿನ ಒಂದು ರಹಸ್ಯವನ್ನಾದರೂ ಬಿಡಬೇಡಿರಿ.

2. ಪಾಳಿಯಲ್ಲಿರುವವರು ತಾವಿದ್ದಲ್ಲಿಯೇ ಮನೆಯವರ ಪ್ರಾರ್ಥನೆಯ ವೇಳೆಗೆ ಒಂದು ಪರಲೋಕ ಪ್ರಾರ್ಥನೆಯನ್ನು ಹೇಳಲಿ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಹೋಗಿ ಬರುವವರಿಗೆ ದಾರಿಯಲ್ಲೇ ಒಂದು ಜಪಮಾಲೆ ಮುಗಿಯುತ್ತದೆ.

3. ಅಜ್ಜಿಗೆ ಕೊಂಕಣಿ ಅಥವಾ ತಮಿಳು, ಮಕ್ಕಳಿಗೆ ಕನ್ನಡ ಅಥವಾ ಇಂಗ್ಲಿಷ್ ಎಂದಿದ್ದರೆ ಒಂದೊಂದು ರಹಸ್ಯವನ್ನು ಒಬ್ಬೊಬ್ಬರು ತಮ್ಮ ಭಾಷೆಯಲ್ಲಿ ನಡೆಸಲಿ.

4. ಊಟದ ಡಬ್ಬಿ ತೆರೆಯುವಾಗ ಗೆಳೆಯರ ಮುಂದೆ ಶಿಲುಬೆಯ ಗುರುತು ಹಾಕಲು ನಾಚಬೇಡಿರಿ. ಸಿದ್ಧಾರೂಢರ ಮಠದ ಭಕ್ತರು, ದಿನಕ್ಕೆ ಐದು ಸಲ ನಮಾಜು ಮಾಡುವ ನೆರೆಯವರು ತಮ್ಮ ಭಕ್ತಿಗೆ ನಾಚುವುದಿಲ್ಲ. ನಮಗೇಕೆ ಸಂಕೋಚ? ಆದರೆ ಇತರರು ನೋಡಲೆಂದು ಮಾಡುವುದೂ ಬೇಡ. ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸಿರೆಂದು ಹೇಳಿದವರು ಯೇಸುಸ್ವಾಮಿಯೇ.

5. ಒಂದು ದಿನ ತಪ್ಪಿದರೆ ಮರುದಿನ ಮತ್ತೆ ಕುಳಿತುಕೊಳ್ಳಿರಿ. ತಪ್ಪಿತೆಂಬ ನಾಚಿಕೆಯಿಂದ ಪೂರ್ತಿ ಬಿಟ್ಟುಬಿಡುವುದೇ ದೊಡ್ಡ ಸೋಲು.

ಆತ್ಮಾವಲೋಕನ

ಪ್ರಾರ್ಥನೆಗೆ ನಮ್ಮ ಮನೆಯಲ್ಲಿ ಗೊತ್ತಾದ ವೇಳೆ ಇದೆಯೇ? ಅಜ್ಜಿಯ ನಂತರ ಆ ಜಪಮಾಲೆಯನ್ನು ಹಿಡಿಯುವವರು ಯಾರು?

ಪ್ರಾರ್ಥನೆ

ಓ ಕರ್ತರೇ, ದಣಿದು ಬಂದ ನಮ್ಮನ್ನು ನಿಮ್ಮ ಪಾದದ ಬಳಿ ಕೂಡಿಸಿಕೊಳ್ಳಿರಿ. ಮಾತು ಬಾರದಿದ್ದಾಗ ನಮ್ಮ ಮೌನವನ್ನು ಸ್ವೀಕರಿಸಿರಿ. ನಮ್ಮ ಮನೆಯ ಪ್ರಾರ್ಥನೆ ನಮ್ಮ ತಲೆಗೇ ನಿಲ್ಲದಂತೆ ಕಾಪಾಡಿರಿ. ಆಮೆನ್.