ಮೊದಲು ಕಣ್ಣು, ಆಮೇಲೆ ಫ್ರೇಮು

ಕನ್ನಡಕದಂಗಡಿಗೆ ಕಾಲಿಟ್ಟ ಕೂಡಲೇ ನಮ್ಮ ಕಣ್ಣು ಹೋಗುವುದು ಗೋಡೆಯಲ್ಲಿ ಸಾಲಾಗಿ ತೂಗುವ ಫ್ರೇಮುಗಳ ಕಡೆಗೆ. ನಾಲ್ಕಾರು ಹಾಕಿ ನೋಡಿ, ಜೊತೆಗೆ ಬಂದವರು ‘ಇದು ಒಪ್ಪುತ್ತದೆ’ ಅಂದ ಮೇಲೆ, ರೇಟು ಮಾತಾಡಿ ಮುಗಿಸಿ, ಕೊನೆಗೆ ‘ಹಾಗೇ ಪವರ್ ಒಮ್ಮೆ ನೋಡಿಬಿಡಿ’ ಅನ್ನುತ್ತೇವೆ. ಈ ಕ್ರಮ ತಲೆಕೆಳಗು. ಪರೀಕ್ಷೆ ಮೊದಲು, ಅಳತೆ ಆಮೇಲೆ, ಗ್ಲಾಸು ಮೂರನೆಯದು, ಫ್ರೇಮು ಕೊನೆಯದು. ಉಡುಪಿ, ಮಣಿಪಾಲ, ಕಾಪು, ಕಾರ್ಕಳ ಎಲ್ಲಿಯೇ ಕನ್ನಡಕ ಮಾಡಿಸಿದರೂ ಈ ಕ್ರಮ ಬಿಡಬೇಡಿ.

ಅಂಗಡಿಯೋ ಆಸ್ಪತ್ರೆಯೋ?

ಅಂಗಡಿಯಲ್ಲಿ ನಡೆಯುವುದು ಸಾಮಾನ್ಯವಾಗಿ ಪವರ್ ತಪಾಸಣೆ ಮಾತ್ರ. ತರಬೇತಿ ಪಡೆದ ಆಪ್ಟೊಮೆಟ್ರಿಸ್ಟ್ ಇದ್ದರೆ ಆ ಕೆಲಸ ಚೆನ್ನಾಗಿಯೇ ಆಗುತ್ತದೆ. ನಮ್ಮ ಮಣಿಪಾಲದಲ್ಲೇ ಆಪ್ಟೊಮೆಟ್ರಿ ಪದವಿ ಶಿಕ್ಷಣವಿದೆ. 2021ರ ಕೇಂದ್ರ ಕಾಯಿದೆ ಈ ವೃತ್ತಿಯನ್ನು ಆರೋಗ್ಯ ವೃತ್ತಿಗಳ ಪಟ್ಟಿಗೆ ಸೇರಿಸಿದೆ. ಹಾಗಾಗಿ ‘ಪರೀಕ್ಷೆ ಮಾಡುವವರು ಏನು ಓದಿದ್ದಾರೆ?’ ಎಂದು ಕೇಳಲು ಸಂಕೋಚ ಬೇಡ.

ಆದರೆ ಕಣ್ಣಿನ ಒತ್ತಡ, ನರ, ರೆಟಿನಾ ಇವನ್ನು ನೋಡಬೇಕಾದವರು ನೇತ್ರ ತಜ್ಞರು. ಗ್ಲಾಕೋಮಾ ನೋವಿಲ್ಲದೆ, ಸುಳಿವು ಕೊಡದೆ ದೃಷ್ಟಿಯ ಅಂಚನ್ನು ತಿನ್ನುತ್ತಾ ಬರುತ್ತದೆ. ಆ ಹೊತ್ತಿನಲ್ಲೂ ಗೋಡೆಯ ಅಕ್ಷರಗಳನ್ನು ಕೊನೆಯ ಸಾಲಿನವರೆಗೆ ಸರಾಗ ಓದಬಹುದು. ನಲವತ್ತು ದಾಟಿದವರು, ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇರುವವರು ಅಂಗಡಿಯ ತಪಾಸಣೆಯನ್ನೇ ನೆಚ್ಚಿಕೊಳ್ಳಬಾರದು. ಸಕ್ಕರೆ ಕಾಯಿಲೆ ಇರುವವರು ವರ್ಷಕ್ಕೊಮ್ಮೆ ಹನಿ ಹಾಕಿಸಿಕೊಂಡು ರೆಟಿನಾ ತೋರಿಸಲೇಬೇಕು. ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ, ಉಡುಪಿಯ ಪ್ರಸಾದ್ ನೇತ್ರಾಲಯ ಕಾಪು, ಕಾರ್ಕಳದವರಿಗೂ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿವೆ.

ಕೆಲವು ಲಕ್ಷಣಗಳು ಕಂಡರೆ ಕನ್ನಡಕದ ಮಾತೇ ಬೇಡ, ಅದೇ ದಿನ ಆಸ್ಪತ್ರೆಗೆ ಹೋಗಿ. ಕಣ್ಣೆದುರು ಇದ್ದಕ್ಕಿದ್ದಂತೆ ಮಿಂಚು ಹೊಡೆಯುವುದು, ಕಪ್ಪು ಚುಕ್ಕಿಗಳು ತೇಲುವುದು, ಪರದೆ ಇಳಿದಂತಾಗುವುದು, ನೋವಿನೊಂದಿಗೆ ಕಣ್ಣು ಕೆಂಪಾಗುವುದು, ದೃಷ್ಟಿ ದಿಢೀರನೆ ಮಂಕಾಗುವುದು. ಭತ್ತದ ಎಲೆ, ತೆಂಗಿನ ಗರಿ, ಅಡಿಕೆ ಸೋಗೆ ತಾಗಿದ ಕಣ್ಣನ್ನೂ ಹಗುರವಾಗಿ ಕಾಣಬೇಡಿ. ಗಿಡದ ಚೂರು ಕೊರೆದ ಗಾಯದಲ್ಲಿ ಶಿಲೀಂಧ್ರ ಬೆಳೆದರೆ ಕಾರ್ನಿಯಾದಲ್ಲಿ ಹುಣ್ಣಾಗಿ ದೃಷ್ಟಿಯೇ ಹೋಗಬಹುದು. ಅಂಥ ಕಣ್ಣಿಗೆ ನಂದಿಬಟ್ಟಲ ರಸ, ಎದೆಹಾಲು ಹಾಕಬಾರದು. ಮೆಡಿಕಲ್ಲಿನಲ್ಲಿ ಕೇಳಿ ತಂದ ಹನಿಯೂ ಬೇಡ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಸೋಂಕು ಇನ್ನಷ್ಟು ಹಬ್ಬುತ್ತದೆ.

ಹೋಗುವ ಮುನ್ನ

ಹಳೆಯ ಕನ್ನಡಕ, ಹಳೆಯ ಚೀಟಿ, ತಿನ್ನುವ ಮಾತ್ರೆಗಳ ಹೆಸರು ಜೊತೆಗಿರಲಿ. ರಕ್ತದ ಸಕ್ಕರೆ ಏರಿಳಿಯುತ್ತಿರುವಾಗ ಪವರ್ ಕೂಡ ಬದಲಾಗುತ್ತದೆ, ಅದು ಹತೋಟಿಗೆ ಬಂದ ಮೇಲೆ ಕನ್ನಡಕ ಮಾಡಿಸಿ. ಹಿರಿಯರು ‘ಈಗ ಕನ್ನಡಕ ಇಲ್ಲದೆಯೇ ಪೇಪರ್ ಓದುತ್ತೇನೆ’ ಎಂದು ಖುಷಿಪಟ್ಟರೆ ಒಮ್ಮೆ ತಪಾಸಣೆ ಮಾಡಿಸಿ. ಕೆಲವರಲ್ಲಿ ಕಣ್ಣಿನ ಪೊರೆ ಬಲಿಯುವಾಗ ಹತ್ತಿರದ ದೃಷ್ಟಿ ಹೀಗೆ ಸ್ವಲ್ಪ ಕಾಲ ಸುಧಾರಿಸಿದಂತೆ ಕಾಣುತ್ತದೆ.

ಮಕ್ಕಳ ವಿಷಯ ಬೇರೆ. ಅವರ ಕಣ್ಣಿನೊಳಗಿನ ಸ್ನಾಯು ಬಿಗಿದುಕೊಂಡು ಯಂತ್ರಕ್ಕೆ ಸುಳ್ಳು ಪವರ್ ತೋರಿಸಬಹುದು. ಅದಕ್ಕೇ ಮೊದಲ ಕನ್ನಡಕಕ್ಕೆ ಮುಂಚೆ ಹನಿ ಹಾಕಿ, ಸ್ನಾಯು ಸಡಿಲಿಸಿ ನೋಡಬೇಕು. ಒಂದು ಕಣ್ಣು ಮಾತ್ರ ಮಂಕಾಗಿದ್ದರೆ ಮಗುವಿಗೆ ಅದು ತಿಳಿಯುವುದೇ ಇಲ್ಲ, ಇನ್ನೊಂದು ಕಣ್ಣೇ ಎಲ್ಲವನ್ನೂ ನೋಡುತ್ತಿರುತ್ತದೆ. ಏಳೆಂಟು ವರ್ಷದೊಳಗೆ ಸರಿಪಡಿಸದಿದ್ದರೆ ಮಂಕಾದ ಕಣ್ಣು ಸೋಮಾರಿಯಾಗಿ ಉಳಿಯುವ ಅಪಾಯವಿದೆ. ಶಾಲೆಗೆ ಸೇರಿಸುವ ಮೊದಲೇ ಒಮ್ಮೆ ತೋರಿಸಿ. ದಿನಕ್ಕೆ ಎರಡು ಗಂಟೆ ಹೊರಗಿನ ಬೆಳಕಿನಲ್ಲಿ ಆಡಲು ಬಿಡಿ. ಸಮೀಪದೃಷ್ಟಿ ಶುರುವಾಗುವುದನ್ನು ತಡೆಯಲು ಇದು ನೆರವಾಗುತ್ತದೆ.

ನಿಮ್ಮ ಕೆಲಸ ಏನೆಂದು ಹೇಳಿ

ನನ್ನ ದೃಷ್ಟಿಯಲ್ಲಿ ಇಡೀ ಪರೀಕ್ಷೆಯ ಬಹುಮುಖ್ಯ ಮಾತು ಇದು, ಹೆಚ್ಚಿನವರು ಹೇಳದೆ ಬಿಡುವುದೂ ಇದನ್ನೇ. ಓದುವ ಪವರನ್ನು ಸಾಮಾನ್ಯವಾಗಿ 40 ಸೆಂ.ಮೀ. ದೂರದಲ್ಲಿ ಅಕ್ಷರ ಹಿಡಿದು ನೋಡುತ್ತಾರೆ. ಆದರೆ ಶಂಕರಪುರದಲ್ಲಿ ಬೆಳಿಗ್ಗೆ ಮಲ್ಲಿಗೆ ಕಟ್ಟುವವರು ಮೊಗ್ಗನ್ನು ಎಷ್ಟು ಹತ್ತಿರ ಹಿಡಿಯುತ್ತಾರೆ? ಉಡುಪಿ ಸೀರೆಯ ಮಗ್ಗದಲ್ಲಿ ಕಡಿದ ಎಳೆ ಜೋಡಿಸುವವರು, ಬೀಡಿ ಕಟ್ಟುವವರು, ಕಾರ್ಕಳದ ಗೇರುಬೀಜ ಕಾರ್ಖಾನೆಯಲ್ಲಿ ಸಿಪ್ಪೆ ತೆಗೆಯುವವರು, ಟೈಲರ್, ಕಂಪ್ಯೂಟರಿನ ಮುಂದೆ ಕೂರುವವರು, ಪ್ರತಿಯೊಬ್ಬರ ದೂರವೂ ಬೇರೆ. ಕೆಲಸ ಮಾಡುವಾಗ ಕೈ ಎಲ್ಲಿರುತ್ತದೋ ಅಲ್ಲಿಗೆ ಹಿಡಿದು ತೋರಿಸಿ, ‘ಇಲ್ಲಿ ಕಾಣಬೇಕು’ ಎನ್ನಿ.

ಇದು ಸಂಪಾದನೆಯ ಪ್ರಶ್ನೆಯೂ ಹೌದು. ಅಸ್ಸಾಮಿನ ಚಹಾ ತೋಟಗಳಲ್ಲಿ 40 ದಾಟಿದ ಕಾರ್ಮಿಕರಿಗೆ ಹತ್ತಿರದ ಕನ್ನಡಕ ಕೊಟ್ಟು ನಡೆಸಿದ ಅಧ್ಯಯನವೊಂದು 2018ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಕನ್ನಡಕ ಸಿಕ್ಕವರ ಕೆಲಸ ಸಿಗದವರಿಗಿಂತ ಸುಮಾರು ಶೇ. 22ರಷ್ಟು ಹೆಚ್ಚಾಗಿತ್ತು. ನಮ್ಮಲ್ಲಿ ‘ವಯಸ್ಸಾಯಿತು, ಇನ್ನು ಸೂಜಿಗೆ ದಾರ ಪೋಣಿಸಲು ಆಗದು’ ಎಂದು ಕೆಲಸ ಬಿಡುವ ಅಮ್ಮಂದಿರಿಗೆ ಬೇಕಿರುವುದು ಎಷ್ಟೋ ಸಲ ಒಂದು ಚಾಳೀಸು ಅಷ್ಟೇ.

ಮಲ್ಪೆಯಿಂದ ಕಡಲಿಗೆ ಹೋಗುವವರು ಅದನ್ನೂ ಹೇಳಬೇಕು. ಬಿಸಿಲು, ಗಾಳಿ, ನೀರಿನಿಂದ ಪ್ರತಿಫಲಿಸುವ ಬೆಳಕು ವರ್ಷಗಟ್ಟಲೆ ಬಿದ್ದ ಕಣ್ಣಿನಲ್ಲಿ ಮೂಗಿನ ಬದಿಯಿಂದ ಕರಿಗುಡ್ಡೆಯ ಕಡೆಗೆ ಮಾಂಸದ ಪೊರೆ ಬೆಳೆಯಬಹುದು. ಯುವಿ 400 ಎಂದು ಬರೆದಿರುವ, ಬದಿಯನ್ನೂ ಮುಚ್ಚುವ ಕನ್ನಡಕ ಇವರಿಗೆ ಬೇಕು. ಪೋಲರೈಸ್ಡ್ ಗ್ಲಾಸು ನೀರಿನ ಝಳಪನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಅದರೊಳಗಿನಿಂದ ಜಿಪಿಎಸ್, ಫಿಶ್ ಫೈಂಡರ್ ಪರದೆಗಳು ಕಪ್ಪಾಗಿ ಕಾಣಬಹುದು, ಹಾಕಿ ನೋಡಿಯೇ ಕೊಳ್ಳಿ.

ಚೀಟಿ ಓದುವುದು

ಚೀಟಿ ಕೇಳಿ ಪಡೆಯಿರಿ. ಗ್ಲಾಸು ಬೇರೆಡೆ ಮಾಡಿಸಿದರೂ ಚೀಟಿ ನಿಮ್ಮದು. ಅದರಲ್ಲಿ ಒಡಿ ಅಂದರೆ ಬಲಗಣ್ಣು, ಓಎಸ್ ಎಡಗಣ್ಣು. ಎಸ್‌ಪಿಎಚ್ ಮುಖ್ಯ ಪವರ್: ಮೈನಸ್ ಇದ್ದರೆ ದೂರದ್ದು ಮಸುಕು, ಪ್ಲಸ್ ಇದ್ದರೆ ಕಣ್ಣು ಹತ್ತಿರಕ್ಕೆ ಹೆಚ್ಚು ಶ್ರಮಿಸುತ್ತಿದೆ. ಸಿವೈಎಲ್, ಅಂದರೆ ಸಿಲಿಂಡರ್ ಪವರ್ ಇದ್ದರೆ ಪಕ್ಕದಲ್ಲಿ ಅದರ ಕೋನವಾದ ಆಕ್ಸಿಸ್ 1ರಿಂದ 180ರೊಳಗೆ ಇರಲೇಬೇಕು. ಆ್ಯಡ್ ಓದುವ ಪವರ್: ನಲವತ್ತೈದರ ಹೊತ್ತಿಗೆ 1ರ ಆಸುಪಾಸು, ಅರವತ್ತಕ್ಕೆ 2.50ರ ಹತ್ತಿರ.

ಪಿಡಿ ಅಂದರೆ ಎರಡು ಪಾಪೆಗಳ ನಡುವಿನ ಅಂತರ. ದೊಡ್ಡವರಲ್ಲಿ ಸರಾಸರಿ 63 ಮಿ.ಮೀ. ಆಸುಪಾಸು. ಗ್ಲಾಸಿನ ನಡುಬಿಂದು ಪಾಪೆಯೆದುರು ಕೂರದಿದ್ದರೆ ಬೆಳಕು ಬಾಗುತ್ತದೆ. 6 ಪವರಿನ ಗ್ಲಾಸು 4 ಮಿ.ಮೀ. ಸರಿದರೆ 2.4 ಪ್ರಿಸಂನಷ್ಟು ದೋಷ. ಪವರ್ ಸರಿಯಿದ್ದೂ ತಲೆನೋವು ಬರುವುದಕ್ಕೆ ಇದೂ ಒಂದು ಕಾರಣ. ಫುಟ್‌ಪಟ್ಟಿಯಿಂದ ಅಂದಾಜು ಅಳೆದರೆ ಒಪ್ಪಬೇಡಿ, ಯಂತ್ರದಲ್ಲಿ ಅಳೆಯಲು ಹೇಳಿ. ಆನ್‌ಲೈನಿನಲ್ಲಿ ತರಿಸುವವರು ಎಡವುವುದೂ ಇಲ್ಲಿಯೇ.

ಗ್ಲಾಸು, ಕೋಟಿಂಗು

ಸಾಧಾರಣ ಪವರಿಗೆ ಸಾಧಾರಣ ಪ್ಲಾಸ್ಟಿಕ್ ಗ್ಲಾಸು ಸಾಕು. ಮಕ್ಕಳಿಗೆ, ಆಟಗಾರರಿಗೆ ಒಡೆಯದ ಪಾಲಿಕಾರ್ಬೊನೇಟ್ ಒಳ್ಳೆಯದು. ಪವರ್ ಹೆಚ್ಚಿದ್ದರೆ 1.67 ಇಂಡೆಕ್ಸಿನ ತೆಳು ಗ್ಲಾಸಿಗೆ ಕೊಡುವ ಹಣ ವ್ಯರ್ಥವಲ್ಲ. ರಾತ್ರಿ ವಾಹನ ಓಡಿಸುವವರಿಗೆ ಪ್ರತಿಫಲನ ತಡೆಯುವ ಕೋಟಿಂಗು ನಿಜಕ್ಕೂ ಉಪಯೋಗ.

ನೀಲಿ ಬೆಳಕು ತಡೆಯುವ ‘ಬ್ಲೂ ಕಟ್’ ಬೇಕೇ ಬೇಕು ಎಂದು ಒತ್ತಾಯಿಸಿದರೆ ಒಪ್ಪಲೇಬೇಕೆಂದಿಲ್ಲ. 2023ರ ಕಾಕ್ರೇನ್ ಪರಿಶೀಲನೆಯ ಪ್ರಕಾರ, ಪರದೆ ನೋಡಿ ಬರುವ ಕಣ್ಣಿನ ಆಯಾಸವನ್ನು ಅದು ಕಡಿಮೆ ಮಾಡುವಂತೆ ಕಾಣುವುದಿಲ್ಲ. ಮಣಿಪಾಲದ ಹಾಸ್ಟೆಲುಗಳಲ್ಲಿ ಲ್ಯಾಪ್‌ಟಾಪಿನೆದುರು ರಾತ್ರಿ ಕಳೆಯುವ ವಿದ್ಯಾರ್ಥಿಗಳು ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರಕ್ಕೆ ಇಪ್ಪತ್ತು ಸೆಕೆಂಡು ನೋಡಲಿ, ರೆಪ್ಪೆ ಬಡಿಯಲಿ. ಅದಕ್ಕೆ ಖರ್ಚಿಲ್ಲ. ಬಿಸಿಲಿಗೆ ಕಪ್ಪಾಗುವ ಗ್ಲಾಸು ಕಾರಿನೊಳಗೆ ಅಷ್ಟಾಗಿ ಕಪ್ಪಾಗದು, ಏಕೆಂದರೆ ಮುಂದಿನ ಗಾಜೇ ಅತಿನೇರಳೆ ಕಿರಣವನ್ನು ತಡೆದಿರುತ್ತದೆ.

ಕೊನೆಗೆ ಫ್ರೇಮು

ಈಗಿನ ಫ್ರೇಮು ಸರಿಯಾಗಿ ಕೂರುತ್ತಿದ್ದರೆ ಅದರ ಕಡ್ಡಿಯ ಒಳಬದಿ ನೋಡಿ. 52, 18, 140 ಎಂಬಂಥ ಅಂಕೆಗಳಿರುತ್ತವೆ: ಗ್ಲಾಸಿನ ಅಗಲ, ಮೂಗಿನ ಸೇತುವೆ, ಕಡ್ಡಿಯ ಉದ್ದ, ಎಲ್ಲವೂ ಮಿ.ಮೀ.ಗಳಲ್ಲಿ. ಹೊಸದೂ ಇದರ ಹತ್ತಿರವಿರಲಿ. ಮೈನಸ್ ಹೆಚ್ಚಿದ್ದರೆ ಚಿಕ್ಕ ಫ್ರೇಮು ಆರಿಸಿ, ಅಂಚು ದಪ್ಪವಾಗದು. ದೂರದ, ಓದುವ ಪವರ್ ಎರಡೂ ಒಂದೇ ಗ್ಲಾಸಿನಲ್ಲಿರುವ ಪ್ರೋಗ್ರೆಸಿವ್‌ಗೆ ಫ್ರೇಮಿನ ಎತ್ತರ ಸಾಕಷ್ಟಿರಬೇಕು, ಇಲ್ಲದಿದ್ದರೆ ಓದುವ ಭಾಗವೇ ಕತ್ತರಿಸಿಹೋಗುತ್ತದೆ. ಬಸ್ಸಿನ ಮೆಟ್ಟಿಲು ಹತ್ತಿಳಿಯುವ ಹಿರಿಯರಿಗೆ ಪ್ರೋಗ್ರೆಸಿವ್ ಅಭ್ಯಾಸವಾಗುವವರೆಗೆ ದೂರಕ್ಕೆ ಬೇರೆ ಕನ್ನಡಕ ಇರುವುದು ಕ್ಷೇಮ. ಸ್ಕೂಟರಿನವರು ಹೆಲ್ಮೆಟ್ ಒಯ್ದು, ಹಾಕಿಯೇ ಫ್ರೇಮು ನೋಡಲಿ.

ಉಪ್ಪುಗಾಳಿ, ಬೆವರು, ಆರು ತಿಂಗಳ ತೇವ: ನಮ್ಮ ಊರಿನಲ್ಲಿ ಅಗ್ಗದ ಲೋಹದ ಫ್ರೇಮು ಬೇಗ ಹಸಿರು ಹಿಡಿಯುತ್ತದೆ. ಟೈಟಾನಿಯಂ ಅಥವಾ ಟಿಆರ್ 90 ಇಲ್ಲಿಗೆ ಒಪ್ಪುತ್ತದೆ. ಬಿಲ್ಲು ಕೇಳಿ ಪಡೆಯಿರಿ. 2025ರ ಸೆಪ್ಟೆಂಬರ್ 22ರಿಂದ ದೃಷ್ಟಿದೋಷದ ಕನ್ನಡಕಕ್ಕೆ ಜಿಎಸ್‌ಟಿ ಶೇ. 5.

ಕನ್ನಡಕ ಕೈಗೆ ಬಂದಾಗ ಅಂಗಡಿಯ ಲೆನ್ಸೋಮೀಟರಿನಲ್ಲಿಟ್ಟು ಚೀಟಿಯೊಂದಿಗೆ ತಾಳೆ ನೋಡಲು ಹೇಳಿ. ಕೆಲವು ದಿನ ನೆಲ ಓರೆಯಾದಂತೆ ಅನಿಸುವುದು ಸಹಜ. ಎರಡು ವಾರ ಕಳೆದರೂ ತಲೆಸುತ್ತು ಹೋಗದಿದ್ದರೆ ‘ಒಗ್ಗಿಹೋಗುತ್ತದೆ’ ಎಂಬ ಸಮಾಧಾನಕ್ಕೆ ಒಪ್ಪಬೇಡಿ, ಪವರ್ ಮತ್ತು ಪಿಡಿ ಎರಡನ್ನೂ ಮತ್ತೆ ನೋಡಿಸಿ. ಕಡಲಿನಿಂದ ಬಂದ ದಿನ ಗ್ಲಾಸನ್ನು ಮೊದಲು ನಲ್ಲಿ ನೀರಿನಲ್ಲಿ ತೊಳೆದು ಆಮೇಲೆ ಒರೆಸಿ. ಉಪ್ಪಿನ ಹರಳು ಕೂತಿರುವಾಗಲೇ ಸೆರಗಿನಿಂದ ಉಜ್ಜಿದರೆ ಕೋಟಿಂಗು ಗೀರಿಹೋಗುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟರೂ ಹಾಳಾಗುವುದು ಅದೇ ಕೋಟಿಂಗು.