ಗಣಕದ ಮಾತೃಫಲಕ: ಒಂದು ಪರಿಚಯ, ಒಂದು ಎಚ್ಚರಿಕೆ

ಬ್ಯಾಂಕಿನ ಮೇಜಿನ ಮೇಲೂ ಮನೆಯ ಮೂಲೆಯಲ್ಲೂ ಇಂದು ಗಣಕಯಂತ್ರವಿದೆ. ಆದರೆ ಅದರ ಪೆಟ್ಟಿಗೆಯನ್ನು ತೆರೆದು ನೋಡಿದವರು ವಿರಳ. ವಾಣಿಜ್ಯ ಪದವೀಧರನಾದ ನಾನೂ ಬಹುಕಾಲ ನೋಡಿದವನಲ್ಲ. ಒಂದು ಮುಂಜಾನೆ ಮನೆಯ ಹಳೆಯ ಗಣಕವು ಎಷ್ಟೋ ವರ್ಷಗಳ ಹಿಂದಿನ ದಿನಾಂಕವನ್ನು ತೋರಿಸತೊಡಗಿತು. ದಿನಾಂಕ ತಪ್ಪಿದ ಲೆಡ್ಜರನ್ನು ಸಹಿಸಲಾರದ ನನ್ನ ವೃತ್ತಿಸ್ವಭಾವವೇ ಅಂದು ಆ ಪೆಟ್ಟಿಗೆಯನ್ನು ತೆರೆಯಿಸಿತು.

ನಮ್ಮ ಮುಂಬಯಿಗೂ ಗಣಕಕ್ಕೂ ಹಳೆಯ ನಂಟು. ಇಲ್ಲಿನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ನಿರ್ಮಿತವಾದ ಗಣಕವು 1960ರಲ್ಲಿ ಕಾರ್ಯಾರಂಭ ಮಾಡಿತು. 1962ರಲ್ಲಿ ಪಂಡಿತ ನೆಹರೂ ಅವರು ಅದಕ್ಕೆ 'ಟಿಫ್ರಾಕ್' ಎಂದು ಹೆಸರಿಟ್ಟರು. ಅದರಲ್ಲಿ ಸುಮಾರು 2,700 ನಿರ್ವಾತ ನಳಿಗೆಗಳಿದ್ದವು. ಅಂದು ಕೋಣೆಯನ್ನೇ ಆಕ್ರಮಿಸುತ್ತಿದ್ದ ಆ ವ್ಯವಸ್ಥೆಯ ಕೆಲಸವನ್ನು ಇಂದು ಅಂಗೈಯಗಲದ ಫಲಕವೂ ಮೀರಿಸುತ್ತದೆ.

ಈ ಫಲಕವೇ ಮದರ್‌ಬೋರ್ಡ್ ಅಥವಾ ಮಾತೃಫಲಕ. ಗಾಜಿನ ನಾರು ಮತ್ತು ರಾಳದ ಹಲಗೆಯ ಪದರಗಳಲ್ಲಿ ತಾಮ್ರದ ಗೆರೆಗಳಿರುತ್ತವೆ. ಈ ಗೆರೆಗಳೇ ವಿದ್ಯುತ್ತೂ ಸಂದೇಶಗಳೂ ಸಂಚರಿಸುವ ದಾರಿ. ಇದನ್ನು ಒಂದು ಬ್ಯಾಂಕ್ ಶಾಖೆಗೆ ಹೋಲಿಸಿದರೆ ಅರ್ಥವಾಗುವುದು ಸುಲಭ.

ಪ್ರೊಸೆಸರ್ ಎಂಬುದು ಲೆಕ್ಕ ಮಾಡಿ ನಿರ್ಣಯಿಸುವ ಅಧಿಕಾರಿ. ದುಡಿಮೆಯಿಂದ ಬಿಸಿಯಾಗುವ ಆತನ ನೆತ್ತಿಯ ಮೇಲೆ ಸದಾ ಒಂದು ಫ್ಯಾನ್ ತಿರುಗುತ್ತಿರಬೇಕು. ರ‍್ಯಾಮ್ ಆತನ ಮೇಜು. ಸದ್ಯದ ಕಡತಗಳಷ್ಟೇ ಅದರ ಮೇಲೆ ಇರುತ್ತವೆ, ವಿದ್ಯುತ್ ಹೋದೊಡನೆ ಮೇಜು ಬರಿದು. ಹಾರ್ಡ್ ಡಿಸ್ಕ್ ದಾಖಲೆಗಳ ಕೋಣೆ. ಅದು ಫಲಕದ ಭಾಗವಲ್ಲವಾದರೂ ಅದಕ್ಕೆ ಜೋಡಣೆಗೊಂಡಿರುತ್ತದೆ. ಇವೆಲ್ಲವುಗಳ ನಡುವೆ ವ್ಯವಹಾರವನ್ನು ಹೊಂದಿಸುವ ಚಿಪ್‌ಸೆಟ್ ನಮ್ಮ ಅಕೌಂಟೆಂಟ್ ಇದ್ದಂತೆ. ಬಯೋಸ್ ಎಂಬ ಚಿಪ್ಪು ಬೆಳಿಗ್ಗೆ ಶಾಖೆಯ ಬಾಗಿಲು ತೆರೆದು, ಯಾರು ಹಾಜರು, ಯಾರು ಗೈರು ಎಂದು ಪರೀಕ್ಷಿಸಿ, ಆಮೇಲೆ ಆಡಳಿತವನ್ನು ಇತರರಿಗೆ ಒಪ್ಪಿಸುತ್ತದೆ.

ಈ ಸೂಕ್ಷ್ಮ ಫಲಕಕ್ಕೆ ಧೂಳು ಮತ್ತು ನೀರು ಪರಮ ವೈರಿಗಳು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದುದನ್ನು ನಾವು ಮರೆಯಲಾರೆವು. ನೀರು ಹೊಕ್ಕ ಗಣಕವನ್ನು 'ನೋಡೋಣ' ಎಂದು ಚಾಲೂ ಮಾಡಬಾರದು. ನೀರಿನಲ್ಲಿ ಕರಗಿದ ಲವಣಗಳು ಗೆರೆಯಿಂದ ಗೆರೆಗೆ ವಿದ್ಯುತ್ತನ್ನು ಹಾಯಿಸಿ ಫಲಕವನ್ನು ಸುಡಬಲ್ಲವು. ಬಲ್ಲವರಿಂದ ಸ್ವಚ್ಛಗೊಳಿಸಿ ಒಣಗಿಸುವುದೇ ಕ್ಷೇಮ.

ಇನ್ನು ನನ್ನ ಗಣಕದ ದಿನಾಂಕದ ಮಾತು. ಫಲಕದ ಮೇಲೆ ನಾಣ್ಯದಾಕಾರದ ಒಂದು ಬ್ಯಾಟರಿ ಇರುತ್ತದೆ. ಅದು ಸಾಮಾನ್ಯವಾಗಿ 20 ಮಿಲಿಮೀಟರ್ ಅಗಲದ, 3 ವೋಲ್ಟಿನ ಲಿಥಿಯಂ ಸೆಲ್. ಗಣಕ ಆರಿದ್ದಾಗಲೂ ಗಡಿಯಾರವನ್ನು ನಡೆಸುವುದು ಅದರ ಕೆಲಸ. ಅದು ಕ್ಷೀಣಿಸಿದ್ದರಿಂದಲೇ ದಿನಾಂಕ ತಪ್ಪಿತ್ತು. ವಿದ್ಯುತ್ ಸಂಪರ್ಕ ತಪ್ಪಿಸಿ ಹೊಸ ಸೆಲ್ ಹಾಕಿದೆ, ಗಣಕ ಸರಿಹೋಯಿತು. ಆದರೆ ಹಳೆಯದನ್ನು ಮೇಜಿನ ಅಂಚಿನಲ್ಲಿಯೇ ಬಿಟ್ಟಿದ್ದೆ. ಸ್ವಲ್ಪ ಹೊತ್ತಿನಲ್ಲಿ ಅದು ಮನೆಗೆ ಬಂದಿದ್ದ ತಂಗಿಯ ಎರಡು ವರ್ಷದ ಮಗುವಿನ ತುಟಿಯ ಬಳಿ ಇತ್ತು! ನನ್ನ ಪತ್ನಿ ಧಾವಿಸಿ ಕಸಿದುಕೊಳ್ಳದಿದ್ದರೆ ಏನಾಗುತ್ತಿತ್ತೆಂಬುದು ನನಗೆ ಆಮೇಲೆ ವೈದ್ಯಮಿತ್ರರಿಂದ ತಿಳಿಯಿತು.

ಅನ್ನನಾಳದಲ್ಲಿ ಸಿಕ್ಕಿಕೊಂಡ ಇಂಥ ಸೆಲ್, ಅಲ್ಲಿನ ತೇವದ ಮೂಲಕ ವಿದ್ಯುತ್ತನ್ನು ಹರಿಸಿ ತೀಕ್ಷ್ಣ ಕ್ಷಾರವನ್ನು ಹುಟ್ಟಿಸುತ್ತದೆ. ಕೇವಲ 2 ಗಂಟೆಗಳಲ್ಲಿ ತೀವ್ರ ಸುಟ್ಟಗಾಯವಾಗಬಹುದು. 'ಮುಗಿದ' ಸೆಲ್‌ನಲ್ಲಿಯೂ ಇದಕ್ಕೆ ಸಾಕಷ್ಟು ಶಕ್ತಿ ಉಳಿದಿರುತ್ತದೆ. ಮಗು ನುಂಗಿರಬಹುದೆಂಬ ಸಂಶಯ ಬಂದರೂ ಸಾಕು, ವಾಂತಿ ಮಾಡಿಸಲು ಯತ್ನಿಸದೆ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಎಕ್ಸ್-ರೇಯಿಂದ ಅದು ಎಲ್ಲಿದೆಯೆಂಬುದು ತಿಳಿಯುತ್ತದೆ.

ಆದ್ದರಿಂದ ವಾಚಕರಲ್ಲಿ ನನ್ನ ವಿನಂತಿ ಇಷ್ಟೇ. ತೆಗೆದ ಸೆಲ್‌ನ ಎರಡೂ ಬದಿಗೆ ಟೇಪು ಸುತ್ತಿ, ಮಕ್ಕಳ ಕೈಗೆಟುಕದಂತಿರಿಸಿ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿರಿ. ಬ್ಯಾಂಕಿನಲ್ಲಿ ಒಂದು ನಾಣ್ಯದ ಲೆಕ್ಕ ತಪ್ಪಿದರೆ ಸಂಜೆಯೊಳಗೆ ಸರಿಪಡಿಸಬಹುದು. ಈ ನಾಣ್ಯದ ಲೆಕ್ಕ ತಪ್ಪಿದರೆ ಅಷ್ಟು ಸಮಯ ನಮಗಿರುವುದಿಲ್ಲ.